ಅಂಗಡಿ ನಿಮ್ಮದು, ಡೊಮೈನ್ ಯಾರದ್ದು?

ಬೆಳಗಾವಿ: ದೇಶದ ಬ್ಯಾಂಕುಗಳೆಲ್ಲವೂ ತಮ್ಮ ಅಂತರ್ಜಾಲ ವಿಳಾಸವನ್ನು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಬದಲಾಯಿಸಿಕೊಳ್ಳಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕು ಆ ವರ್ಷದ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿತು. ದೊಡ್ಡ ಬ್ಯಾಂಕುಗಳಷ್ಟೇ ಅಲ್ಲ, ಪಟ್ಟಣ ಸಹಕಾರಿ ಬ್ಯಾಂಕುಗಳು ಹಾಗೂ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳೂ ಇದರ ವ್ಯಾಪ್ತಿಗೆ ಬಂದವು. ಈ ವಿಳಾಸಗಳನ್ನು ನೋಂದಾಯಿಸುವ ಅಧಿಕಾರವಿರುವುದು ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ. ಬ್ಯಾಂಕಿನ ಹೆಸರನ್ನೇ ಹೋಲುವ ನಕಲಿ ತಾಣ ತೆರೆದು ಗ್ರಾಹಕರ ಹಣ ಲಪಟಾಯಿಸುವವರನ್ನು ತಡೆಯುವುದೇ ಇದರ ಉದ್ದೇಶ.

ಸಹಕಾರ ಕ್ಷೇತ್ರ ಆಳವಾಗಿ ಬೇರೂರಿರುವ ಬೆಳಗಾವಿ ಜಿಲ್ಲೆಗೆ ಇದು ಸಮಾಧಾನದ ಸಂಗತಿ. ಬ್ಯಾಂಕುಗಳ ಬೆನ್ನಿಗೆ ರಿಸರ್ವ್ ಬ್ಯಾಂಕಿದೆ. ಸರಕಾರಿ ಕಚೇರಿಗಳಿಗೆ ಖಾಸಗಿಯವರು ಮುಟ್ಟಲಾಗದ ‘ಡಾಟ್ ಗವ್ ಡಾಟ್ ಇನ್’ ಇದೆ. ಆದರೆ ಉದ್ಯಮಬಾಗದ ಫೌಂಡ್ರಿಗಳಿಗೆ, ಖಡೇಬಜಾರದ ಜವಳಿ ಅಂಗಡಿಗಳಿಗೆ, ಶಹಾಪುರದ ಸೀರೆ ವ್ಯಾಪಾರಿಗಳಿಗೆ, ಖಾನಾಪುರದ ಹೆಂಚು ತಯಾರಕರಿಗೆ ಯಾರಿದ್ದಾರೆ?

ಯಾರೂ ಇಲ್ಲ ಎಂಬುದೇ ಉತ್ತರ. ಅಂತರ್ಜಾಲದಲ್ಲಿ ಹೆಸರಿನ ರಕ್ಷಣೆ ಹೆಸರಿಟ್ಟವರ ಹೊಣೆ.

ಡೊಮೈನ್ ಹೆಸರನ್ನು ‘ಕೊಂಡುಕೊಂಡೆವು’ ಎಂದು ನಾವೆಲ್ಲ ಸಲೀಸಾಗಿ ಹೇಳುತ್ತೇವೆ. ವಾಸ್ತವದಲ್ಲಿ ಅದು ಖರೀದಿಯಲ್ಲ, ಗೇಣಿ. ‘ಡಾಟ್ ಇನ್’ ವಿಳಾಸಗಳನ್ನು ನಿರ್ವಹಿಸುವ ನಿಕ್ಸಿ ಸಂಸ್ಥೆಯ ನಿಯಮದಂತೆ ಮೊದಲು ಬಂದವರಿಗೆ ಮೊದಲ ಆದ್ಯತೆ. ಅವಧಿ ಒಂದರಿಂದ ಹತ್ತು ವರ್ಷ. 2005ರಲ್ಲಿ ನೋಂದಣಿಯನ್ನು ಸರಳಗೊಳಿಸಿ ಎಲ್ಲರಿಗೂ ಮುಕ್ತಗೊಳಿಸಿದಂದಿನಿಂದಲೂ ಇದೇ ಪದ್ಧತಿ. ಹಣ ಕಟ್ಟಿದವರು ಯಾರು, ಬೋರ್ಡಿನ ಮೇಲೆ ಯಾರ ಹೆಸರಿದೆ ಎಂಬುದನ್ನು ಯಾರೂ ಕೇಳುವುದಿಲ್ಲ. ದಾಖಲೆಯಲ್ಲಿ ‘ನೋಂದಣಿದಾರ’ ಎಂಬ ಕಾಲಂನಲ್ಲಿ ಯಾರ ಹೆಸರಿದೆಯೋ ಅವರೇ ಹಕ್ಕುದಾರರು. ಹೊಲದ ಪಹಣಿಯಲ್ಲಿ ಯಾರ ಹೆಸರಿದೆ ಎಂದು ವರ್ಷಕ್ಕೊಮ್ಮೆಯಾದರೂ ನೋಡುವ ನಮ್ಮ ಜನ ಈ ಕಾಲಂ ನೋಡುವುದೇ ಇಲ್ಲ!

ಸಣ್ಣ ಊರುಗಳಲ್ಲಿ ತಕರಾರು ಹುಟ್ಟುವುದು ಇಲ್ಲಿಯೇ. ವೆಬ್‌ಸೈಟ್ ಮಾಡಿಕೊಡುವ ಯುವಕ ತನ್ನದೇ ಖಾತೆಯಿಂದ, ತನ್ನದೇ ಇ-ಮೇಲ್ ಕೊಟ್ಟು ಹೆಸರು ನೋಂದಾಯಿಸಿರುತ್ತಾನೆ. ಬಹಳ ಸಲ ಅದರಲ್ಲಿ ದುರುದ್ದೇಶವಿರುವುದಿಲ್ಲ. ಹಾಗೆ ಮಾಡುವುದು ಸುಲಭ, ಅಷ್ಟೇ. ಮೂರು ವರ್ಷಗಳ ನಂತರ ಆತ ಬೆಂಗಳೂರಿಗೋ ಪುಣೆಗೋ ಹೋದಾಗ ನವೀಕರಣದ ಸೂಚನೆ ಆತನ ಹಳೆಯ ಇ-ಮೇಲ್‌ಗೆ ಹೋಗಿ ಬೀಳುತ್ತದೆ. ಅಂಗಡಿಯವರಿಗೆ ವಿಷಯ ತಿಳಿಯುವುದು ತಾಣ ತೆರೆಯದಿದ್ದಾಗ.

‘ಡಾಟ್ ಕಾಮ್’ ಹೆಸರಿನ ಅವಧಿ ಮುಗಿದ ಮೇಲೆ ಸಾಮಾನ್ಯವಾಗಿ 45 ದಿನಗಳವರೆಗೆ ನವೀಕರಣದ ಅವಕಾಶವಿರುತ್ತದೆ. ಅದೂ ದಾಟಿದರೆ ಇನ್ನು 30 ದಿನ ದುಬಾರಿ ಶುಲ್ಕ ತೆತ್ತು ಬಿಡಿಸಿಕೊಳ್ಳಬಹುದು. ನಂತರದ 5 ದಿನಗಳಲ್ಲಿ ಯಾರೂ ಏನೂ ಮಾಡಲಾಗದು. ಆಮೇಲೆ ಹೆಸರು ಬಯಲಿಗೆ ಬೀಳುತ್ತದೆ. ಹೀಗೆ ಬೀಳುವ ಹೆಸರುಗಳನ್ನು ಹಿಡಿಯಲೆಂದೇ ಹಗಲಿರುಳು ಕಾಯುವ ಕಂಪ್ಯೂಟರ್ ವ್ಯವಸ್ಥೆಗಳಿವೆ. ಕಳೆದುಹೋಗುವುದು ತಾಣ ಮಾತ್ರವಲ್ಲ. ಹೊರದೇಶದ ಗಿರಾಕಿಗೆ ದರಪಟ್ಟಿ ಕಳುಹಿಸುವ ಫೌಂಡ್ರಿಯ ಇ-ಮೇಲ್ ಕೂಡ ಅದೇ ಹೆಸರಿನಲ್ಲಿದ್ದರೆ, ಆ ಗಿರಾಕಿಯ ಮುಂದಿನ ಪತ್ರ ಹೊಸ ಹಕ್ಕುದಾರನ ಕೈ ಸೇರಬಹುದು. ಬ್ಯಾಂಕ್ ಖಾತೆಯ ಸಂಖ್ಯೆ ಬದಲಾಗಿದೆಯೆಂದು ಅದೇ ವಿಳಾಸದಿಂದ ಉತ್ತರವೂ ಹೋಗಬಹುದು.

ಬೆಳಗಾವಿಗೆ ಇನ್ನೊಂದು ಪೇಚೂ ಇದೆ. ಕನ್ನಡಿಗರ ಬಾಯಲ್ಲಿ ಎಂದಿಗೂ ಬೆಳಗಾವಿಯೇ ಆಗಿದ್ದ ಈ ಊರು ಇಂಗ್ಲಿಷ್ ಕಾಗದಪತ್ರಗಳಲ್ಲಿ ‘ಬೆಲ್‌ಗಾಂ’ ಆಗಿತ್ತು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಬದಲಾದಾಗ ಇಂಗ್ಲಿಷಿನಲ್ಲಿಯೂ ಬೆಳಗಾವಿಯಾಯಿತು. ಸರಕಾರಿ ಅಧಿಸೂಚನೆ ನಾಮಫಲಕಗಳನ್ನು ಬದಲಿಸೀತು. ಡೊಮೈನ್ ನೋಂದಣಿಯನ್ನು ಬದಲಿಸದು. ಹಳೆಯ ಹೆಸರಿನ ವಿಳಾಸವನ್ನು ಇನ್ನೇಕೆ ಎಂದು ಕೈಬಿಟ್ಟವರು ವರ್ಷಗಟ್ಟಲೆ ಗಳಿಸಿದ ಗಿರಾಕಿಗಳ ದಾರಿಯನ್ನೇ ಬೇರೆಯವರಿಗೆ ಬಿಟ್ಟುಕೊಟ್ಟಂತೆ. ಹೊಸ ಹೆಸರಿನ ಜೊತೆಗೆ ಹಳೆಯದನ್ನೂ ಉಳಿಸಿಕೊಳ್ಳುವುದು ಜಾಣತನ. ಅಂದಹಾಗೆ ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ವಿಳಾಸ ಪಡೆಯುವ ಅವಕಾಶ ಈಗಿದೆ. ಅಲ್ಲಿ ಈ ಕಾಗುಣಿತದ ಗೊಂದಲವೇ ಇಲ್ಲ.

ಖಾನಾಪುರದ ಕಥೆ ಇನ್ನೂ ಸ್ವಾರಸ್ಯಕರ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿಯೂ ಖಾನಾಪುರ ತಾಲ್ಲೂಕಿದೆ, ತೆಲಂಗಾಣದ ನಿರ್ಮಲ ಜಿಲ್ಲೆಯಲ್ಲಿಯೂ ಒಂದು ಖಾನಾಪುರವಿದೆ. ಭೂಪಟದಲ್ಲಿ ಮೂರಕ್ಕೂ ಜಾಗವಿದೆ. ‘ಡಾಟ್ ಕಾಮ್’ನಲ್ಲಿ ಒಂದಕ್ಕೆ ಮಾತ್ರ. ಊರ ಹೆಸರಿನ ಮೇಲೆ ಊರಿನವರಿಗೇ ಹಕ್ಕು ಎಂಬ ವಾದವೂ ಸುಲಭವಾಗಿ ನಿಲ್ಲದು. ಸ್ಪೇನಿನ ಬಾರ್ಸಿಲೋನಾ ನಗರಾಡಳಿತ ತನ್ನ ಹೆಸರಿನ ‘ಡಾಟ್ ಕಾಮ್’ಗಾಗಿ ಹೋರಾಡಿ 2000ದಲ್ಲಿ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಮುಂದೆ ಗೆದ್ದಿತು. ಆದರೆ 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಬರಿಯ ಊರ ಹೆಸರು ಟ್ರೇಡ್‌ಮಾರ್ಕ್ ಆಗದು ಎಂದು ಖಾಸಗಿ ಕಂಪನಿಯ ಪರ ತೀರ್ಪಿತ್ತಿತು.

ಹಾಗಾದರೆ ಕಾನೂನು ಯಾರ ಕಡೆಗಿದೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕರ್ನಾಟಕದ್ದೇ ಮೊಕದ್ದಮೆಯಲ್ಲಿ. ‘ಸಿಫಿ’ ಹೆಸರನ್ನು ಟಂಕಿಸಿದ್ದ ಸತ್ಯಂ ಇನ್ಫೋವೇ, ‘ಸಿಫಿನೆಟ್’ ಎಂಬ ಅದೇ ಉಚ್ಚಾರದ ವಿಳಾಸ ಪಡೆದಿದ್ದ ಇನ್ನೊಂದು ಕಂಪನಿಯ ವಿರುದ್ಧ ಬೆಂಗಳೂರಿನ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ತಾತ್ಕಾಲಿಕ ತಡೆಯಾಜ್ಞೆ ಪಡೆಯಿತು. ಉಚ್ಚ ನ್ಯಾಯಾಲಯ ಅದನ್ನು ತೆರವುಗೊಳಿಸಿತು. 2004ರ ಮೇ 6ರಂದು ಸುಪ್ರೀಂ ಕೋರ್ಟ್ ಮತ್ತೆ ಸತ್ಯಂ ಪರ ನಿಂತಿತು. ಐವರು ಪ್ರವರ್ತಕರ ಮೊದಲಕ್ಷರಗಳನ್ನು ಸೇರಿಸಿ ಹೆಸರಿಟ್ಟೆವೆಂಬ ಎದುರಾಳಿಯ ವಾದವನ್ನು ನ್ಯಾಯಾಲಯ ನಂಬಲಿಲ್ಲ. ಏಕೆಂದರೆ ಆರಂಭದಲ್ಲಿದ್ದ ಪ್ರವರ್ತಕ ನಿರ್ದೇಶಕರು ಏಳು ಮಂದಿ!

ದೇಶದಲ್ಲಿ ಡೊಮೈನ್ ವಿವಾದಗಳಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲದಿದ್ದರೂ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಸರಕು ಸಾಗಿಸುವುದನ್ನು ತಡೆಯುವ ನಿಯಮ ಡೊಮೈನ್ ಹೆಸರಿಗೂ ಅನ್ವಯಿಸುತ್ತದೆಂದು ಆ ತೀರ್ಪು ಸ್ಪಷ್ಟಪಡಿಸಿತು. ಆದರೆ ಗಮನಿಸಬೇಕಾದ್ದು, ಸತ್ಯಂ ಗೆದ್ದದ್ದು ತಾನೇ ಮೊದಲು ಬಳಸಿದ್ದೆಂದು ತೋರಿಸಲು ದಾಖಲೆಗಳಿದ್ದುದರಿಂದ.

‘ಡಾಟ್ ಇನ್’ ವಿವಾದಗಳನ್ನು ನಿಕ್ಸಿಯ ನೀತಿಯಡಿ ಮಧ್ಯಸ್ಥಗಾರರು ಇತ್ಯರ್ಥಪಡಿಸುತ್ತಾರೆ. ಹೆಸರು ತನ್ನ ಗುರುತನ್ನು ಹೋಲುತ್ತದೆ, ಎದುರಾಳಿಗೆ ಅದರಲ್ಲಿ ನ್ಯಾಯಯುತ ಹಕ್ಕಿಲ್ಲ, ಅದು ದುರುದ್ದೇಶದ್ದು ಎಂಬುದನ್ನು ದೂರುದಾರರೇ ಸಾಬೀತುಪಡಿಸಬೇಕು. ‘ಡಾಟ್ ಕಾಮ್’ ಆದರೆ ಅಂತರರಾಷ್ಟ್ರೀಯ ವೇದಿಕೆಗೆ ಹೋಗಬೇಕು. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಕನಿಷ್ಠ ಶುಲ್ಕವೇ 1,500 ಡಾಲರ್. ಇದರೆದುರು ಟ್ರೇಡ್‌ಮಾರ್ಕ್ ನೋಂದಣಿ ಅಗ್ಗ: 2017ರ ನಿಯಮಗಳಂತೆ ವ್ಯಕ್ತಿಗಳು ಮತ್ತು ಸಣ್ಣ ಉದ್ದಿಮೆಗಳು ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಕಟ್ಟಿದರೆ ಸಾಕು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ, ಆದರೆ ಅಲ್ಲಿಗೆ ಹೋಗಬೇಕಿಲ್ಲ.

ವೆಬ್‌ಸೈಟ್ ಮಾಡಿಕೊಟ್ಟವನೊಂದಿಗಿನ ಜಗಳ ಮಾತ್ರ ಇವೆಲ್ಲಕ್ಕಿಂತ ಕಗ್ಗಂಟು. ಅಂಗಡಿಯವರೇ ಹೇಳಿ ನೋಂದಣಿ ಮಾಡಿಸಿದ್ದರಿಂದ ದುರುದ್ದೇಶ ಸಾಬೀತುಪಡಿಸುವುದು ಕಷ್ಟ. ಇಂಥ ಕರಾರಿನ ತಕರಾರುಗಳನ್ನು ಮಧ್ಯಸ್ಥಗಾರರು ಸಿವಿಲ್ ನ್ಯಾಯಾಲಯಕ್ಕೆ ಬಿಟ್ಟುಬಿಡುವುದುಂಟು. ಹೆಸರನ್ನು ಹುಡುಕುವ ‘ಹೂಈಸ್’ ಸೇವೆ ಉಚಿತ. ಹಕ್ಕುದಾರರ ವಿವರ ಮರೆಮಾಚಿದ್ದರೂ ರಿಜಿಸ್ಟ್ರಾರ್ ಯಾರು, ಅವಧಿ ಎಂದು ಮುಗಿಯುತ್ತದೆ ಎಂಬುದು ಕಾಣುತ್ತದೆ. ಸಂಬಂಧ ಚೆನ್ನಾಗಿರುವಾಗಲೇ ಖಾತೆಯನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲು ಬೇಕಾಗುವುದು ಅರ್ಧ ದಿನ. ವ್ಯಾಜ್ಯಕ್ಕೆ ಹೋದರೆ ಎಷ್ಟು ವರ್ಷವೋ. ಅಲ್ಲಿಯವರೆಗೆ ವಿಳಾಸವೂ ಅದಕ್ಕೆ ಬರುವ ಇ-ಮೇಲ್‌ಗಳೂ ಪಾಸ್‌ವರ್ಡ್ ಇದ್ದವರ ಕೈಯಲ್ಲಿಯೇ ಇರುತ್ತವೆ.