ಕಾರು ನಮ್ಮದು, ಕೀಲಿಕೈ ಯಾರದು?

ಕಾರಿನ ಕೀಲಿಕೈಯ ಮಾತು ದುಡಿಯುವವರ ಪತ್ರಿಕೆಗೆ ಏಕೆ ಬಂತೆಂದು ಕೆಲವರು ಕೇಳಬಹುದು. ಕಾರು ಕೇವಲ ಶ್ರೀಮಂತರ ಸೊತ್ತಾಗಿದ್ದ ಕಾಲ ಹೋಯಿತು. ಗಿರಣಿ ಕಾರ್ಮಿಕನ ಮಗ ಇಂದು ಸಾಲ ಮಾಡಿ ಹಳೆಯ ಕಾರೊಂದನ್ನು ಕೊಂಡು ಬಾಡಿಗೆಗೆ ಓಡಿಸುತ್ತಾನೆ. ದಿನಸಿ ಅಂಗಡಿಯವನು ಸಂತೆಗೆ ಸರಕು ಒಯ್ಯಲು ಸಣ್ಣ ವ್ಯಾನು ಇಟ್ಟುಕೊಂಡಿದ್ದಾನೆ. ಇವರಿಗೆ ಗಾಡಿ ಮೋಜಿನ ವಸ್ತುವಲ್ಲ, ಹೊಟ್ಟೆಯ ದಾರಿ. ಕೀಲಿಕೈ ಕಳೆದ ದಿನ ದುಡಿಮೆಯೂ ನಿಂತಿತು. ಮತ್ತೊಂದನ್ನು ಮಾಡಿಸಲು ಯಾರ ಬಾಗಿಲಿಗೆ ಹೋಗಬೇಕು, ಎಷ್ಟು ದಿನ ಕಾಯಬೇಕು, ಎಷ್ಟು ಹಣ ತೆರಬೇಕು ಎಂಬುದನ್ನು ನಿರ್ಧರಿಸುವವರು ಯಾರು? ನಾವು ಎತ್ತುವ ಪ್ರಶ್ನೆ ಇದು.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಪೇಟೆಯ ಮೂಲೆಯಲ್ಲಿ ಕೊಡೆಯ ನೆರಳಿಗೆ ಕುಳಿತ ಬೀಗದ ಕಸಬುದಾರ, ಇದ್ದ ಕೀಲಿಕೈಯನ್ನು ಇಕ್ಕುಳದಲ್ಲಿ ಹಿಡಿದು, ಅರದಿಂದ ಹಲ್ಲು ಉಜ್ಜಿ, ಗಿರಾಕಿ ಒಂದು ಲೋಟ ಚಹ ಕುಡಿದು ಬರುವುದರೊಳಗೆ ಅದರ ಜೋಡಿಯನ್ನು ಸಿದ್ಧಮಾಡಿ ಕೊಡುತ್ತಿದ್ದ. ಮನೆಯ ಬೀಗಕ್ಕೂ ಮೋಟಾರಿಗೂ ಅದೇ ವಿದ್ಯೆ ಸಾಲುತ್ತಿತ್ತು.

ಇಂದಿನ ಕಾರಿಗೆ ಆ ವಿದ್ಯೆ ಅರ್ಧ ಮಾತ್ರ ಸಾಲುತ್ತದೆ. ಕೀಲಿಕೈಯ ಪ್ಲಾಸ್ಟಿಕ್ ಹಿಡಿಯೊಳಗೆ ಭತ್ತದ ಕಾಳಿಗಿಂತ ತುಸು ದೊಡ್ಡದಾದ ಒಂದು ಚಿಪ್ ಅಡಗಿರುತ್ತದೆ. ಅದು ಕೆಲಸಮಾಡಲು ಬ್ಯಾಟರಿ ಬೇಕಿಲ್ಲ. ಕೀಲಿ ಹಾಕುವ ಜಾಗದ ಸುತ್ತ ತಂತಿಯ ಸುರುಳಿಯೊಂದಿದೆ. ಅದು ಹೊರಡಿಸುವ ಅಲೆಗಳಿಂದಲೇ ಚಿಪ್ ಶಕ್ತಿ ಪಡೆದು ಎಚ್ಚರಗೊಳ್ಳುತ್ತದೆ. ಆಗ ಕಾರಿನ ಕಂಪ್ಯೂಟರು ಒಂದು ಪ್ರಶ್ನೆ ಕೇಳುತ್ತದೆ, ಚಿಪ್ ಉತ್ತರ ಹೇಳುತ್ತದೆ. ಉತ್ತರ ಸರಿಯಾದರೆ ಎಂಜಿನ್ ಓಡುತ್ತದೆ, ತಪ್ಪಾದರೆ ಇಲ್ಲ. ಬರಿಯ ತಗಡನ್ನು ಎಷ್ಟೇ ಚೆನ್ನಾಗಿ ಕತ್ತರಿಸಿದರೂ ಬಾಗಿಲು ತೆರೆದೀತು, ಕೀಲಿ ತಿರುಗೀತು, ಗಾಡಿ ಮಾತ್ರ ಹೊರಡದು. ಇದಕ್ಕೆ ಇಮೊಬಿಲೈಜರ್ ಎನ್ನುತ್ತಾರೆ. ಯೂರೋಪಿನ ಒಕ್ಕೂಟದಲ್ಲಿ 1998ರ ಅಕ್ಟೋಬರಿನಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು. ನಮ್ಮ ದೇಶದ ಸಾಧಾರಣ ಕಾರುಗಳಲ್ಲಿಯೂ ಇದು ಈಗ ವಾಡಿಕೆಯ ಸಂಗತಿ.

ಆದ್ದರಿಂದ ಡೂಪ್ಲಿಕೇಟ್ ಕೀಲಿಕೈ ಎಂದರೆ ಈಗ ಎರಡು ಕೆಲಸ. ಮೊದಲನೆಯದು ತಗಡು ಕತ್ತರಿಸುವುದು. ಎರಡನೆಯದು ಹೊಸ ಚಿಪ್ಪಿನ ಗುರುತನ್ನು ಕಾರಿನ ಕಂಪ್ಯೂಟರಿಗೆ ಹಚ್ಚುವುದು. ಈ ಎರಡನೆಯ ಕೆಲಸಕ್ಕೆ ಒಂದು ಉಪಕರಣ ಬೇಕು, ಅನೇಕ ಕಾರುಗಳಿಗೆ ಗುಪ್ತ ಸಂಕೇತವೂ ಬೇಕು. ಅವೆರಡೂ ಕಂಪೆನಿಯ ಹತೋಟಿಯಲ್ಲಿವೆ. ಕಳೆದದ್ದು ಒಂದೇ ಕೀಲಿಕೈಯಾದರೆ ತೊಂದರೆ ಕಡಿಮೆ. ಇದ್ದದ್ದೆಲ್ಲ ಕಳೆದರೆ ಗಾಡಿಯನ್ನು ಎಳೆಸಿಕೊಂಡು ಕಂಪೆನಿಯ ಷೋರೂಮಿಗೆ ಹೋಗಬೇಕು. ಕೆಲವು ಮಾದರಿಗಳಲ್ಲಿ ಬೀಗಗಳ ಇಡೀ ಸೆಟ್ಟನ್ನೇ ಬದಲಿಸಬೇಕೆನ್ನುತ್ತಾರೆ. ಹತ್ತಿಪ್ಪತ್ತು ರೂಪಾಯಿಗಳ ಲೆಕ್ಕದಲ್ಲಿದ್ದ ಕೆಲಸ ಸಾವಿರಗಳ ಲೆಕ್ಕಕ್ಕೆ ಏರುತ್ತದೆ. ಕೀಲಿಕೈ ದೂರದ ಊರಿನಿಂದ ಬರುವವರೆಗೆ ಬಾಡಿಗೆಯೂ ಇಲ್ಲ, ವ್ಯಾಪಾರವೂ ಇಲ್ಲ. ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ.

ಕಂಪೆನಿಗಳು ಇದಕ್ಕೆ ಕೊಡುವ ಉತ್ತರ ಒಂದೇ: ಕಳ್ಳರ ಭಯ. ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಅಮೆರಿಕದಲ್ಲಿ ಕಿಯಾ ಮತ್ತು ಹುಂಡೈ ಕಂಪೆನಿಗಳು ಅನೇಕ ಮಾದರಿಗಳನ್ನು ಇಮೊಬಿಲೈಜರ್ ಇಲ್ಲದೆಯೇ ಮಾರಿದ್ದವು. 2021 ಮತ್ತು 2022ರಲ್ಲಿ ಹುಡುಗರು ಒಂದು ಸ್ಕ್ರೂಡ್ರೈವರು, ಮೊಬೈಲ್ ಚಾರ್ಜ್ ಮಾಡುವ ಯು.ಎಸ್.ಬಿ. ತಂತಿ, ಇಷ್ಟರಿಂದಲೇ ಅವನ್ನು ಕದ್ದು ಓಡಿಸಿದರು. ಆ ಕಂಪೆನಿಗಳು 2023ರಲ್ಲಿ ಸುಮಾರು 20 ಕೋಟಿ ಡಾಲರುಗಳ ಪರಿಹಾರಕ್ಕೆ ಒಪ್ಪಬೇಕಾಯಿತು. ಚಿಪ್ ಬೇಡವೆಂದು ವಾದಿಸುವವರಿಗೆ ಇದೊಂದು ಪಾಠ. ಚಿಪ್ ಬೇಕು.

ಆದರೆ ಚಿಪ್ ಬೇಕೆಂಬುದು ಒಂದು ಮಾತು. ಅದರ ವಿದ್ಯೆ ಕಂಪೆನಿಯೊಬ್ಬರಿಗೇ ಇರಬೇಕೆಂಬುದು ಬೇರೆ ಮಾತು. ಗುಟ್ಟಾಗಿಟ್ಟರೆ ಭದ್ರವಾಯಿತೆಂಬುದೂ ನಿಜವಲ್ಲ. ಅನೇಕ ಕಂಪೆನಿಗಳ ಕಾರುಗಳಲ್ಲಿದ್ದ ಮೆಗಾಮೋಸ್ ಎಂಬ ಚಿಪ್ಪಿನ ದೋಷವನ್ನು ಯೂರೋಪಿನ ಮೂವರು ಸಂಶೋಧಕರು ಕಂಡುಹಿಡಿದರು. ಫೋಕ್ಸ್‌ವ್ಯಾಗನ್ ಕಂಪೆನಿ 2013ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನಿಂದ ತಡೆಯಾಜ್ಞೆ ತಂದು ಆ ಪ್ರಬಂಧ ಹೊರಬರದಂತೆ ಮಾಡಿತು. ಅದು ಪ್ರಕಟವಾದದ್ದು 2015ರಲ್ಲಿ. ಆ ಎರಡು ವರ್ಷ ಕಾರು ಕೊಂಡವನು ತನ್ನ ಬೀಗ ಭದ್ರವೆಂದೇ ನಂಬಿಕೊಂಡಿದ್ದ. ಗುಟ್ಟಿನಿಂದ ರಕ್ಷಣೆ ಸಿಕ್ಕಿದ್ದು ಕಾರಿಗೋ, ಕಂಪೆನಿಯ ಹೆಸರಿಗೋ?

ಕಳ್ಳನನ್ನು ದೂರವಿಟ್ಟು ಕಸಬುದಾರನನ್ನು ಒಳಗೆ ಬಿಡುವ ದಾರಿ ಇಲ್ಲವೆನ್ನುವಂತಿಲ್ಲ. ಅಮೆರಿಕದಲ್ಲಿ ಬೀಗದ ಕೆಲಸದವರು ತಮ್ಮ ಹಿನ್ನೆಲೆಯ ಪರಿಶೀಲನೆಗೆ ಒಪ್ಪಿ ಹೆಸರು ನೋಂದಾಯಿಸಿಕೊಳ್ಳುತ್ತಾರೆ. ಕಾರು ತಂದವನೇ ಅದರ ಒಡೆಯನೆಂಬುದನ್ನು ಕಾಗದಪತ್ರ ನೋಡಿ ಖಚಿತಮಾಡಿಕೊಂಡು, ಆ ದಾಖಲೆಯನ್ನು ಇಟ್ಟುಕೊಂಡು, ಕಂಪೆನಿಯಿಂದ ಸಂಕೇತ ಪಡೆಯುತ್ತಾರೆ. ಅದೇ ದೇಶದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರ ನವೆಂಬರಿನಲ್ಲಿ ತಾವೇ ಮತ ಹಾಕಿ, ರಿಪೇರಿಯ ಮಾಹಿತಿಯನ್ನು ಹೊರಗಿನ ಮೆಕ್ಯಾನಿಕರಿಗೂ ಕೊಡಬೇಕೆಂಬ ಕಾನೂನನ್ನು ತಂದುಕೊಂಡರು.

ನಮ್ಮ ದೇಶದಲ್ಲಿಯೂ ಈ ನ್ಯಾಯ ಒಮ್ಮೆ ವಿಚಾರಣೆಗೆ ಬಂದಿದೆ. ನಾಗರಿಕರೊಬ್ಬರು 2011ರಲ್ಲಿ ಕೊಟ್ಟ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು ತೀರ್ಪಿತ್ತು. ಬಿಡಿಭಾಗಗಳನ್ನೂ ದೋಷ ಪತ್ತೆಹಚ್ಚುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆಹಿಡಿದದ್ದಕ್ಕಾಗಿ 14 ಕಾರು ಕಂಪೆನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಮಾರುತಿ, ಟಾಟಾ, ಮಹೀಂದ್ರ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಮೂರು ಕಂಪೆನಿಗಳ ಮೇಲ್ಮನವಿಯಲ್ಲಿ 2016ರ ಡಿಸೆಂಬರಿನಲ್ಲಿ ದಂಡ ಇಳಿಯಿತು. ತಪ್ಪು ತಪ್ಪೇ ಎಂಬ ನಿರ್ಣಯ ನಿಂತಿತು. ಕೀಲಿಕೈಗೆ ಗುರುತು ಹಚ್ಚುವ ಯಂತ್ರವೂ ಇಂಥದೇ ಉಪಕರಣವಲ್ಲವೇ? 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಸಮಿತಿ ನೇಮಿಸಿತು, ಅದರಲ್ಲಿ ವಾಹನಗಳನ್ನೂ ಸೇರಿಸಿತು, ಡಿಸೆಂಬರಿನಲ್ಲಿ ಜಾಲತಾಣ ತೆರೆಯಿತು. ಒಳ್ಳೆಯದೇ. ಆದರೆ ಜಾಲತಾಣ ಕಾನೂನಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ದೊಡ್ಡ ಊರುಗಳಲ್ಲಿ ಕೆಲವು ಕಸಬುದಾರರು ಸ್ವಂತ ಹಣ ಹೂಡಿ ಯಂತ್ರ ತರಿಸಿ, ಹಲವು ಮಾದರಿಗಳಿಗೆ ಈ ಕೆಲಸವನ್ನು ಮಾಡುತ್ತಲೇ ಇದ್ದಾರೆ. ಅವರಿಗೆ ಕೈಯಿದೆ, ಬುದ್ಧಿಯಿದೆ. ಇಲ್ಲದಿರುವುದು ಮಾನ್ಯತೆ. ಮಾನ್ಯತೆ ಇಲ್ಲದ ಕಡೆ ಒಳ್ಳೆಯ ಕೆಲಸಗಾರನನ್ನೂ ಕಳ್ಳನ ಜೊತೆಗಾರನನ್ನೂ ಜನ ಬೇರ್ಪಡಿಸಿ ನೋಡುವುದು ಹೇಗೆ?

ನಾವು ಕೇಳುವುದು ನಾಲ್ಕೇ ಸಂಗತಿ. ಕಾರು ಮಾರುವಾಗ ಅದರ ಕೀಲಿಕೈ ಸಂಕೇತವನ್ನು ಮುದ್ರೆ ಹಾಕಿದ ಲಕೋಟೆಯಲ್ಲಿ ಒಡೆಯನಿಗೆ ಕೊಡಬೇಕು. ಬೀಗದ ಕಸಬುದಾರರನ್ನು ಸರ್ಕಾರ ನೋಂದಾಯಿಸಿ, ಅವರಿಗೆ ಉಪಕರಣವೂ ಮಾಹಿತಿಯೂ ನ್ಯಾಯವಾದ ಬೆಲೆಗೆ ಸಿಗುವಂತೆ ಮಾಡಬೇಕು. ಐ.ಟಿ.ಐ.ಗಳಲ್ಲಿ ಈ ಕೆಲಸ ಕಲಿಸಬೇಕು. ಪ್ರತಿಯೊಂದು ಷೋರೂಮೂ ಕೀಲಿಕೈಯ ದರ ಮತ್ತು ಅವಧಿಯನ್ನು ಗೋಡೆಯ ಮೇಲೆ ಬರೆದು ಹಾಕಬೇಕು.

ಅಲ್ಲಿಯವರೆಗೆ ಗಾಡಿಯುಳ್ಳ ಮಿತ್ರರು ಕೆಲವು ವಿಷಯ ಗಮನದಲ್ಲಿಡಬೇಕು. ಒಂದು ಕೀಲಿಕೈ ಕೈಯಲ್ಲಿರುವಾಗಲೇ ಎರಡನೆಯದನ್ನು ಮಾಡಿಸಿರಿ. ಎರಡೂ ಹೋದ ಮೇಲೆ ಖರ್ಚು ಹಲವು ಪಟ್ಟು. ಕೀಲಿಕೈ ಜೊತೆಗೆ ನಂಬರು ಕೊರೆದ ಸಣ್ಣ ಬಿಲ್ಲೆ ಬಂದಿದ್ದರೆ ಅದನ್ನು ಕಾರಿನಲ್ಲಿಡದೆ ಮನೆಯಲ್ಲಿಡಿ. ಹಳೆಯ ಕಾರು ಕೊಳ್ಳುವಾಗ ಎರಡೂ ಕೀಲಿಕೈಗಳನ್ನು ಕೇಳಿ ಪಡೆಯಿರಿ. ಒಂದೇ ಇದ್ದರೆ ಬೆಲೆಯಲ್ಲಿ ಮುರಿದುಕೊಂಡು, ಕಾಣೆಯಾದುದರ ಗುರುತನ್ನು ಕಾರಿನ ಕಂಪ್ಯೂಟರಿನಿಂದ ಅಳಿಸಿಬಿಡಿ. ಕಳೆದರೆ ಪೊಲೀಸ್ ಠಾಣೆಗೆ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಏಕೆಂದರೆ ಗಾಡಿ ಕಳುವಾದ ದಿನ ವಿಮೆಯವರು ಎರಡೂ ಕೀಲಿಕೈಗಳನ್ನು ಕೇಳುತ್ತಾರೆ. ಒಂದು ಕಾಣದಿದ್ದರೆ ಪರಿಹಾರಕ್ಕೆ ತಕರಾರು ತೆಗೆಯುತ್ತಾರೆ.

ಆದರೆ ಒಬ್ಬೊಬ್ಬರ ಎಚ್ಚರದಿಂದ ಈ ಕಟ್ಟು ಸಡಿಲವಾಗದು. ಷೋರೂಮಿನ ಕೌಂಟರಿನ ಮುಂದೆ ಒಬ್ಬನೇ ನಿಂತವನು ಹೇಳಿದ ಬೆಲೆ ತೆತ್ತು ಬರುತ್ತಾನೆ. ಟ್ಯಾಕ್ಸಿ ಚಾಲಕರ ಸಂಘ, ವರ್ತಕರ ಸಂಘ, ಗ್ಯಾರೇಜಿನವರು, ಬೀಗದ ಕಸಬುದಾರರು ಒಂದೆಡೆ ಕುಳಿತು ಠರಾವು ಮಾಡಿ, ಗ್ರಾಹಕ ವ್ಯವಹಾರಗಳ ಇಲಾಖೆಗೂ ನಮ್ಮ ಲೋಕಸಭಾ ಸದಸ್ಯರಿಗೂ ಕಳುಹಿಸಲಿ. ದುಡ್ಡು ಕೊಟ್ಟು ಕೊಂಡ ಗಾಡಿಯ ಬಾಗಿಲು ತೆರೆಯಲು ಮತ್ತೊಬ್ಬರ ಅಪ್ಪಣೆ ಕಾಯುವುದು ಒಡೆತನವಲ್ಲ. ಆ ಅಪ್ಪಣೆಯ ಪದ್ಧತಿ ಹೋಗಲೇಬೇಕು.