ಪ್ರಾರ್ಥನೆಯೊಂದೇ ಸಾಕೆನ್ನುವವರಿಗೆ

ಹದಿನಾಲ್ಕು ತಿಂಗಳು ಒಂದು ತೊಟ್ಟೂ ಮುಟ್ಟದ ನನ್ನ ತಮ್ಮ, ಹೋದ ವರ್ಷ ಒಂದು ರೋಸಿನ ಮನೆಯಲ್ಲಿ ಮತ್ತೆ ಕುಡಿದ. ಮದುವೆಗೆ ಮುಂಚೆ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವುದನ್ನು ನಮ್ಮ ಮಂಗಳೂರಿನ ಕ್ರೈಸ್ತರು ರೋಸ್ ಎನ್ನುತ್ತೇವೆ. ಚಪ್ಪರದೊಳಗೆ ತೆಂಗಿನ ಹಾಲು, ಚಪ್ಪರದ ಹಿಂದೆ ಇನ್ನೊಂದು. "ಒಂದು ಗ್ಲಾಸಿಗೆ ಏನಾಗುತ್ತದೆ ಮಾರಾಯ" ಎಂದು ಅವನ ಕೈಗೆ ಕೊಟ್ಟವರು ನಮ್ಮ ಬಂಧುಗಳೇ. ಮರುವಾರ ಇಗರ್ಜಿಯ ಅಂಗಳದಲ್ಲಿ ನನ್ನನ್ನು ತಡೆದು, "ಟೀಚರೇ, ಅವನಿಗೆ ವಿಶ್ವಾಸ ಸಾಲದು. ಯೇಸುಸ್ವಾಮಿ ಇರುವಾಗ ಆ ಮೀಟಿಂಗು, ಆ 12 ಹೆಜ್ಜೆ ಎಲ್ಲ ಯಾತಕ್ಕೆ?" ಎಂದವರೂ ಅವರೇ!

ಅಂದು ಸುಮ್ಮನಿದ್ದೆ. ಈಗ ಹೇಳುತ್ತೇನೆ.

ಆ ಹೆಜ್ಜೆಗಳನ್ನು ಕೊಟ್ಟ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಅಕ್ರನ್ ಊರಿನಲ್ಲಿ. ಬಿಲ್ ವಿಲ್ಸನ್, ಡಾಕ್ಟರ್ ಬಾಬ್ ಸ್ಮಿತ್ ಎಂಬಿಬ್ಬರು ಕುಡುಕರಿಂದ. ಇಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟದಲ್ಲಿ ಪಳಗಿದವರು. ಬಿಲ್ಲನ ಭೇಟಿಯಾಗಿ ಕುಡಿತ ಬಿಟ್ಟ ಡಾಕ್ಟರು, ಕೆಲವೇ ವಾರಗಳಲ್ಲಿ ವೈದ್ಯರ ಸಮ್ಮೇಳನಕ್ಕೆಂದು ಹೋಗಿ ಮತ್ತೆ ಕುಡಿದು ಬಂದರು. ಬಿಲ್ ಅವರನ್ನು ಹೊರಗೆ ಹಾಕಲಿಲ್ಲ. ಡಾಕ್ಟರು ಕೊನೆಯ ಸಲ ಕುಡಿದದ್ದು ಜೂನ್ 10ರಂದು ಎನ್ನುತ್ತಾರೆ. ಸಂಸ್ಥೆಯ ಹುಟ್ಟುಹಬ್ಬವೂ ಅದೇ ದಿನ. ಎಡವಿ ಎದ್ದ ದಿನದಿಂದಲೇ ಲೆಕ್ಕ!

ಮಾಡಿದ ತಪ್ಪನ್ನು ದೇವರಿಗೂ ಇನ್ನೊಬ್ಬ ಮನುಷ್ಯನಿಗೂ ಹೇಳಿಕೊಳ್ಳುವುದು ಐದನೆಯ ಹೆಜ್ಜೆ. ನಾವು ಪಾಪನಿವೇದನೆಗೆ ಮೊಣಕಾಲೂರುವುದು ಮತ್ತೇನಕ್ಕೆ? ನೋಯಿಸಿದವರಿಗೆ ಪರಿಹಾರ ಮಾಡುವುದು ಒಂಬತ್ತನೆಯದು. ಸುಂಕದ ಜಕ್ಕಾಯ ಮಾಡಿದ್ದೂ ಅದನ್ನೇ. ಅಲ್ಲಿ ಯೇಸುವಿನ ಹೆಸರಿಲ್ಲ ಎನ್ನುವಿರಾ? ಇಲ್ಲ, ನಿಜ. ಎಲ್ಲ ಮತದವರೂ ಅಲ್ಲಿ ಕೂರುತ್ತಾರೆ. ಅವರ ನಡುವೆ ಕೂತು ತಮ್ಮ ಮನಸ್ಸಿನಲ್ಲಿ ಯೇಸುವನ್ನೇ ಕರೆಯುತ್ತಾನೆ, ಬೇಡವೆಂದು ಯಾರೂ ಹೇಳಿಲ್ಲ. ಮೂರು ಸಲ 'ಅರಿಯೆ' ಎಂದ ಪೇತ್ರನಿಗೇ ಕುರಿಮಂದೆ ಒಪ್ಪಿಸಿದ ಸ್ವಾಮಿಯಲ್ಲವೆ?

"ಬಾಟಲಿ ಎಸೆದು ಪ್ರಾರ್ಥಿಸಲಿ, ಆಸ್ಪತ್ರೆ ಬೇಡ" ಎಂದವರೂ ಉಂಟು. ಬಹಳ ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬಂದು ಜೀವಕ್ಕೇ ಅಪಾಯ. ಕೈ ನಡುಗತೊಡಗಿದಾಗ ನಾವು ರಿಕ್ಷಾ ಹಿಡಿದೆವು. ಜಪಮಾಲೆ ಹೇಳಿದ್ದು ವಾರ್ಡಿನ ಹೊರಗೆ ಕೂತು. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬಿಟ್ಟು ಪ್ರಾರ್ಥಿಸಿ ಎನ್ನುತ್ತೇವೆಯೆ?

ನನ್ನ ತಪ್ಪನ್ನೂ ಹೇಳಬೇಕು. ಅವನ ಆಫೀಸಿಗೆ ಫೋನು ಮಾಡಿ "ಜ್ವರ" ಎಂದವಳು ನಾನೇ, ತರಗತಿಯಲ್ಲಿ ಸತ್ಯದ ಪಾಠ ಮಾಡುವವಳು. ಕುಡುಕರ ಮನೆಯವರಿಗಾಗಿಯೇ ಬಿಲ್ಲನ ಹೆಂಡತಿ ಲೋಯಿಸ್ 1951ರಲ್ಲಿ ಇನ್ನೊಬ್ಬಾಕೆಯ ಜತೆ ಅಲ್-ಅನಾನ್ ಕಟ್ಟಿದರು. ತಮ್ಮನ ಹೆಂಡತಿಯ ಜತೆ ನಾನೂ ಹೋಗುತ್ತೇನೆ. ಅಲ್ಲಿ ಯಾರೂ "ವಿಶ್ವಾಸ ಸಾಲದು" ಎನ್ನುವುದಿಲ್ಲ, ಚಹಾ ಕೊಡುತ್ತಾರೆ.

ತಮ್ಮ ಮತ್ತೆ ಮೊದಲ ಹೆಜ್ಜೆಯಿಂದ ಹೊರಟಿದ್ದಾನೆ. ಭಾನುವಾರ ಬೆಳಿಗ್ಗೆ ಪೂಜೆ, ಸಂಜೆ ಮೀಟಿಂಗು. ಬರುವ ಜನವರಿಯಲ್ಲಿ ನನ್ನ ಮಗಳ ರೋಸ್. ಚಪ್ಪರದ ಹಿಂದೆಯೂ ಬೊಂಡವೇ ಇರುತ್ತದೆಂದು ಬಂಧುಗಳಿಗೆ ಈಗಲೇ ಹೇಳಿಬಿಟ್ಟಿದ್ದೇನೆ.