ಎಪ್ಪತ್ತು ಸಾವಿರದ ಪ್ಲೇಯರ್, ಅಟ್ಟದ ಮೇಲಿನ ಕ್ಯಾಸೆಟ್

ಹೋದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಅಕ್ಕನ ಮಗ ಕಿಸೆಯಿಂದ ಒಂದು ಯಂತ್ರ ತೆಗೆದು ನನ್ನ ಕೈಗಿಟ್ಟ. ನೋಡಲು ದಪ್ಪನೆಯ ಮೊಬೈಲಿನ ಹಾಗಿತ್ತು. ಸಿಮ್ ಇಲ್ಲ, ಕ್ಯಾಮೆರಾ ಇಲ್ಲ, ಹಾಡು ಕೇಳಿಸುವುದೊಂದೇ ಅದರ ಕೆಲಸ. ‘ಕಣ್ಣು ಮುಚ್ಚಿ ಕೇಳ್ರಿ ಮಾಮಾ’ ಅಂದು ತನ್ನ ಹೆಡ್‌ಫೋನನ್ನು ನನ್ನ ತಲೆಗೇರಿಸಿದ. ಮಲ್ಲಿಕಾರ್ಜುನ ಮನ್ಸೂರರು ಹಾಡುತ್ತಿದ್ದರು. ತಂಬೂರಿಯ ಜವಾರಿ ಕೋಣೆಯನ್ನೆಲ್ಲ ತುಂಬಿಕೊಂಡ ಹಾಗಿತ್ತು. ತಾನ್ ಮುಗಿದ ಮೇಲೆ ಅವರು ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅರ್ಧ ತಾಸು ಮಾತಾಡದೆ ಕೂತೆ. ನಿವೃತ್ತಿಯಾದಾಗ ಬಂದ ಹಣದಲ್ಲಿ ನನಗೆಂದು ಏನೂ ಕೊಂಡಿರಲಿಲ್ಲ. ಇದೊಂದನ್ನು ಕೊಳ್ಳುತ್ತೇನೆ ಎಂದು ಅಂದು ರಾತ್ರಿ ಹೆಂಡತಿಗೆ ಹೇಳಿಯೂ ಬಿಟ್ಟೆ.

ಕೊಳ್ಳಲಿಲ್ಲ. ಸಂಗೀತದ ಹುಚ್ಚಿರುವ ಎಷ್ಟೋ ಜನ ಇದೇ ಯೋಚನೆಯಲ್ಲಿರುವುದು ನನಗೆ ಗೊತ್ತಿರುವುದರಿಂದ ಅದರ ಕಾರಣ ಬರೆಯುತ್ತಿದ್ದೇನೆ.

ಮೊದಲು ಬೆಲೆಯ ಮಾತು. ಸೋನಿ ಕಂಪನಿಯ ಮೊದಲ ವಾಕ್‌ಮನ್ 1979ರ ಜುಲೈನಲ್ಲಿ ಜಪಾನಿನ ಅಂಗಡಿಗಳಿಗೆ ಬಂತು, 33,000 ಯೆನ್‌ಗೆ. ಅದೇ ವಾಕ್‌ಮನ್ ಹೆಸರು ಹೊತ್ತ ಝಡ್‌ಎಕ್ಸ್ 707 ಎಂಬ ಪ್ಲೇಯರ್ 2023ರ ಜನವರಿಯಲ್ಲಿ ನಮ್ಮ ದೇಶಕ್ಕೆ ಬಂದಾಗ ಅದರ ಬೆಲೆ 69,990 ರೂಪಾಯಿ. ಇದಕ್ಕಿಂತ ದುಬಾರಿಯವೂ ಇವೆ. ಇವೆರಡರ ನಡುವೆ, 2001ರಲ್ಲಿ, ಆಪಲ್‌ನ ಐಪಾಡ್ ಹುಟ್ಟಿತು. ಮೊಬೈಲು ಅದನ್ನು ನುಂಗಿತು. 2022ರ ಮೇ ತಿಂಗಳಲ್ಲಿ ಕಂಪನಿಯೇ ಅದನ್ನು ನಿಲ್ಲಿಸಿತು. ಹಾಗಿದ್ದರೂ ಹಾಡಿಗೆಂದೇ ಬೇರೆ ಯಂತ್ರ ಬೇಕೆನ್ನುವವರು ಉಳಿದರು. ಅವರಲ್ಲಿ ಹೆಚ್ಚಿನವರು ನನ್ನ ಅಳಿಯನಂಥವರು, ನಿಜಕ್ಕೂ ಸಂಗೀತವನ್ನು ಪ್ರೀತಿಸುವವರು. ಅವರ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಹಣ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಮಾತ್ರ.

ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ಬೆಳಗಾಗುವ ಹೊತ್ತಿಗೆ ತಲೆಯಲ್ಲಿ ಒಂದು ಸಂಶಯ ಹೊಕ್ಕಿತ್ತು. ಹಿಂದಿನ ಸಂಜೆ ನಾನು ಕೇಳಿದ್ದು ಹೊಸ ಪ್ಲೇಯರಿನಲ್ಲಿ, ಹೊಸ ಹೆಡ್‌ಫೋನಿನಲ್ಲಿ, ನನ್ನ ಮೊಬೈಲಿನಲ್ಲಿ ಕೇಳುವುದಕ್ಕಿಂತ ದೊಡ್ಡ ದನಿಯಲ್ಲಿ. ಮೂರೂ ಒಟ್ಟಿಗೇ ಬದಲಾಗಿದ್ದವು. ಚೆಂದ ಕೇಳಿಸಿದ್ದು ಯಾವುದರಿಂದ? ಹುಡುಗರ ಉತ್ತರಪತ್ರಿಕೆಯಲ್ಲಿ ಇಂಥ ಲೆಕ್ಕ ಕಂಡಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆ.

ಭೌತಶಾಸ್ತ್ರದ ಗೆಳೆಯರೊಬ್ಬರ ಮನೆಗೆ ಹೋಗಿ ಮಲ್ಟಿಮೀಟರ್ ತಂದೆ. ನನ್ನ ಮೊಬೈಲಿಗೆ ಹೆಡ್‌ಫೋನಿನ ತೂತಿಲ್ಲ. ಅದಕ್ಕೆ ಸುಮಾರು ಸಾವಿರ ರೂಪಾಯಿಯ, ಬೆರಳುದ್ದದ ಒಂದು ಕನೆಕ್ಟರ್ ಹಾಕಿದೆವು. ಡಿಜಿಟಲ್ ಅಂಕಿಗಳನ್ನು ದನಿಯಾಗಿಸುವ ಚಿಪ್ಪು ಅದರೊಳಗೇ ಇರುತ್ತದೆ. ಎರಡೂ ಯಂತ್ರಗಳಲ್ಲಿ ಒಂದೇ ಸ್ವರ ನುಡಿಸಿ, ಮೀಟರ್ ಒಂದೇ ಅಂಕಿ ತೋರಿಸುವವರೆಗೆ ವಾಲ್ಯೂಮ್ ಹೊಂದಿಸಿದೆವು. ಈ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಒಂದರ ದನಿ ಚೂರೇ ಚೂರು ಏರಿದ್ದರೂ ನಮ್ಮ ಕಿವಿ ಅದನ್ನು ‘ಜೋರು’ ಎನ್ನುವುದಿಲ್ಲ, ‘ಚೆಂದ’ ಎನ್ನುತ್ತದೆ. ಅಂಗಡಿಯಲ್ಲಿ ಕೇಳಿ ಮನಸೋತವರು ಮನೆಗೆ ತಂದ ಮೇಲೆ ಆ ಸೊಗಸು ಕಾಣದೆ ಪೇಚಾಡಲು ಇದೂ ಒಂದು ಕಾರಣ.

ನಾನು ಗೋಡೆಗೆ ಮುಖ ಮಾಡಿ ಕೂತೆ. ಅಳಿಯ ಹಿಂದೆ ನಿಂತು, ನಾಣ್ಯ ಚಿಮ್ಮಿ, ಬಂದಂತೆ ಪ್ಲೇಯರಿಗೋ ಮೊಬೈಲಿಗೋ ಪಿನ್ನು ಚುಚ್ಚುತ್ತಿದ್ದ. ಹೆಡ್‌ಫೋನ್ ಒಂದೇ, ಮುದ್ರಣವೂ ಒಂದೇ.

‘ಈಗ ಯಾವುದು ಮಾಮಾ?’

‘ಪ್ಲೇಯರ್.’

‘ಈಗ?’

‘ತಡಿಯೋ, ಇನ್ನೊಮ್ಮೆ ಹಚ್ಚು.’

ಹದಿನಾರು ಸಲ ಕೇಳಿದೆ. ಸರಿಯಾಗಿ ಹೇಳಿದ್ದು 9. ಸುಮ್ಮನೆ ಊಹಿಸಿದ್ದರೂ 8 ಸರಿಯಾಗುತ್ತಿತ್ತು. ನನ್ನದು ಅರವತ್ತು ದಾಟಿದ ಕಿವಿ, ವಯಸ್ಸಾದಂತೆ ಎತ್ತರದ ಸ್ವರಗಳು ಮೊದಲು ಕೈಬಿಡುತ್ತವೆ ಎಂದು ಅಳಿಯನನ್ನೇ ಕೂರಿಸಿದೆ. ಇಪ್ಪತ್ತೆಂಟರ ಹುಡುಗ, ಅವನದೇ ಯಂತ್ರ, ದಿನಾ ಕೇಳುವವನು. ಅವನು ಸರಿಯಾಗಿ ಹೇಳಿದ್ದು 7. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಯಂತ್ರವನ್ನು ಬದಲಿಸದೆ ಹೆಡ್‌ಫೋನನ್ನಷ್ಟೇ ಬದಲಿಸಿದೆವು. ಮೊಬೈಲಿನ ಜೊತೆ ಎಂದೋ ಬಂದಿದ್ದ ಇಯರ್‌ಫೋನ್ ಒಂದು ಕಡೆ, ಅವನ 6 ಸಾವಿರದ ವೈರಿನ ಹೆಡ್‌ಫೋನ್ ಇನ್ನೊಂದು ಕಡೆ. ಇದಕ್ಕೆ ಪರೀಕ್ಷೆಯೇ ಬೇಕಿರಲಿಲ್ಲ, ಕಿವಿಗಿಟ್ಟ ಕ್ಷಣ ತಿಳಿಯುತ್ತಿತ್ತು. ಜವಾರಿ ಬಂದದ್ದು ಎಲ್ಲಿಂದ ಎಂದು ಅಲ್ಲಿಗೆ ಗೊತ್ತಾಯಿತು.

ಒಂದು ಮನೆಯ ಪಡಸಾಲೆಯಲ್ಲಿ ಮಾಡಿದ್ದನ್ನು ಶಾಸ್ತ್ರ ಎನ್ನಲಾಗದು. ಆದರೆ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಎಂಬಿಬ್ಬರು ಇದೇ ಬಗೆಯ ಪರೀಕ್ಷೆಯನ್ನು ಬಹಳ ಕಟ್ಟುನಿಟ್ಟಾಗಿ ಮಾಡಿ 2007ರಲ್ಲಿ ಅಮೆರಿಕದ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಉತ್ಕೃಷ್ಟ ದರ್ಜೆಯ ಮುದ್ರಣವನ್ನು ಹಾಗೆಯೇ ಒಮ್ಮೆ, ಸಿ.ಡಿ. ಮಟ್ಟಕ್ಕೆ ಇಳಿಸಿ ಒಮ್ಮೆ ಕೇಳಿಸಿದರು. 554 ಪ್ರಯತ್ನಗಳಲ್ಲಿ ಕೇಳುಗರು ಸರಿಯಾಗಿ ಗುರುತಿಸಿದ್ದು 276. ಅದೂ ಅರ್ಧವೇ. ಸಿ.ಡಿ. ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಡುತ್ತದೆ. ಈ ಲೆಕ್ಕದಲ್ಲಿ 22,050 ಹರ್ಟ್ಸ್‌ವರೆಗಿನ ಕಂಪನ ಅದರಲ್ಲಿ ಉಳಿಯುತ್ತದೆ. ಎಳೆಯರ ಕಿವಿಯೂ 20,000ದ ಆಚೆಗೆ ಕೇಳಲಾರದು. ದುಬಾರಿ ಪ್ಲೇಯರುಗಳ ಡಬ್ಬಿಯ ಮೇಲೆ 192, 384 ಎಂದು ಅಚ್ಚಾಗಿರುವ ಕಿಲೋಹರ್ಟ್ಸ್ ಅಂಕಿಗಳು ಬಾವಲಿಗೆ ಉಪಯೋಗವಾದಾವು, ಕೇಳುಗನಿಗಲ್ಲ.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಇಂಥ ಪ್ಲೇಯರ್ ಕೊಂಡವರು ಅದನ್ನು ಬ್ಲೂಟೂತ್ ಇಯರ್‌ಬಡ್‌ಗೆ ಜೋಡಿಸಿಕೊಂಡು ಓಡಾಡುವುದನ್ನು ಕಂಡಿದ್ದೇನೆ. ಬ್ಲೂಟೂತ್ ಹಿಡಿದ ಮೇಲೆ ಅಂಕಿಯನ್ನು ದನಿಯಾಗಿಸುವ ಕೆಲಸವೆಲ್ಲ ಬಡ್‌ನೊಳಗಿನ ಪುಟ್ಟ ಚಿಪ್ಪಿನದು. ಹಣ ತೆತ್ತ ಚಿಪ್ಪು ಕಿಸೆಯಲ್ಲಿ ಸುಮ್ಮನೆ ಕೂತಿರುತ್ತದೆ. ಸಿ.ಡಿ.ಯ ದನಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಬ್ಲೂಟೂತಿನಲ್ಲಿ ಉತ್ತಮವೆನಿಸಿದ ಎಲ್‌ಡ್ಯಾಕ್ ವಿಧಾನವೂ ಸಾಗಿಸುವುದು ಹೆಚ್ಚೆಂದರೆ 990. ವೈರು ಬೇಡವೆನ್ನುವವರಿಗೆ ಈ ಯಂತ್ರ ಖಂಡಿತ ಬೇಡ.

ಯಾರಿಗೆ ಬೇಕು ಹಾಗಾದರೆ? 300 ಓಮ್‌ನಂಥ ಬಿಗಿಯಾದ ಹೆಡ್‌ಫೋನ್ ಇರುವವರಿಗೆ ಮೊಬೈಲಿನ ಕಸುವು ಸಾಲದು, ದನಿಯೇ ಮೇಲೇಳುವುದಿಲ್ಲ. ಅವರಿಗೆ ಬೇಕಾದದ್ದು ಆಂಪ್ಲಿಫೈಯರ್, ಅದನ್ನು ಈ ಬೆಲೆಯ ಒಂದು ಪಾಲಿಗೆ ಬೇರೆಯಾಗಿಯೇ ಕೊಳ್ಳಬಹುದು. ಮುದ್ರಣದ ಕೆಲಸವೇ ಹೊಟ್ಟೆಪಾಡಾದವರ ಲೆಕ್ಕ ಬೇರೆ. ಫೋನು, ಮೆಸೇಜು ಯಾವುದೂ ಅಡ್ಡ ಬರದೆ ಒಂದು ಖ್ಯಾಲನ್ನು ಮೊದಲಿಂದ ಕೊನೆವರೆಗೆ ಕೇಳಬೇಕು ಎಂಬುದು ಅಳಿಯನ ವಾದ. ಅದು ಬಹಳ ಒಳ್ಳೆಯ ಮಾತು, ಈ ಯಂತ್ರಗಳ ಪರವಾಗಿ ನಾನು ಕೇಳಿದ ಅತ್ಯಂತ ಬಲವಾದ ಮಾತು. ಆದರೆ ನಾನು ಮೂಲೆಗಿಟ್ಟಿದ್ದ ಹಳೆಯ ಮೊಬೈಲಿನ ಸಿಮ್ ತೆಗೆದು, ವೈಫೈ ಆರಿಸಿ, ಹಾಡು ತುಂಬಿಕೊಂಡೆ. ಈಗ ಬೆಳಿಗ್ಗೆ ಒಂದು ತಾಸು ನನ್ನನ್ನು ಯಾರೂ ಕರೆಯುವುದಿಲ್ಲ. ಒಳಗೇ ಅಂಟಿಸಿದ ಬ್ಯಾಟರಿಗೆ ಆಯುಷ್ಯ ಕೆಲವೇ ವರ್ಷ, ಅದು ಹಳೇ ಮೊಬೈಲಿಗೂ ಒಂದೇ, 70 ಸಾವಿರದ ಪ್ಲೇಯರಿಗೂ ಒಂದೇ.

ಇಷ್ಟೆಲ್ಲ ಆದ ಮೇಲೂ ನನ್ನನ್ನು ಪೂರ್ತಿ ಬದಲಿಸಿದ್ದು ಬೇರೆಯೇ. ನಾನು ನಿಜವಾಗಿ ಕೇಳಬೇಕೆಂದಿರುವ ಸಂಗೀತ ಎಲ್ಲಿದೆ ಎಂದು ಹುಡುಕುತ್ತ ಅಟ್ಟ ಹತ್ತಿದೆ. ಟ್ರಂಕಿನಲ್ಲಿ ಅಪ್ಪನ ಕ್ಯಾಸೆಟ್ಟುಗಳಿದ್ದವು, ಎಣಿಸಿದರೆ 63. ಅಪ್ಪ ಆಕಾಶವಾಣಿ ಧಾರವಾಡದ ಕಛೇರಿಗಳನ್ನು ಟೂ-ಇನ್-ವನ್‌ನಲ್ಲಿ ಹಿಡಿದಿಟ್ಟಿದ್ದರು. ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ರಾಗ, ಕಲಾವಿದರ ಹೆಸರು, ತಾರೀಖು. ಮೇಲೆ ಬೇರೇನೂ ರೆಕಾರ್ಡ್ ಆಗದಿರಲೆಂದು ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಅಪ್ಪನೇ ಮುರಿದಿದ್ದರು. ಮೀಡಿಯಂ ವೇವ್ ರೇಡಿಯೊದಲ್ಲಿ ಬಂದದ್ದು, ಸುಮಾರು 5,000 ಹರ್ಟ್ಸ್‌ನ ಮೇಲಿನದು ಅದರಲ್ಲಿ ಹೆಚ್ಚೇನೂ ಇರುವುದಿಲ್ಲ. 192 ಕಿಲೋಹರ್ಟ್ಸ್‌ನ ಯಂತ್ರ ಅದಕ್ಕೆ ಏನು ಮಾಡೀತು? ಆದರೂ ಆ ಕಛೇರಿಗಳಲ್ಲಿ ಕೆಲವು ಬೇರೆಲ್ಲಿಯೂ ಉಳಿದಿರಲಿಕ್ಕಿಲ್ಲ. ಮನ್ಸೂರರು ಹೋಗಿ 1992ಕ್ಕೇ ಆಯಿತು.

ಹತ್ತಾರು ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿತ್ತು. ಕೆಲವುಗಳಲ್ಲಿ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಫೆಲ್ಟಿನ ತುಣುಕು ಅಂಟು ಬಿಟ್ಟು ಉದುರಿತ್ತು. ಕ್ಯಾಸೆಟ್ ಟೇಪಿನ ಅಗಲ 4 ಮಿಲಿಮೀಟರ್‌ಗೂ ಕಡಿಮೆ, ಅದು ಓಡುವುದು ಸೆಕೆಂಡಿಗೆ ಐದು ಸೆಂಟಿಮೀಟರ್‌ಗೂ ಕಡಿಮೆ. ಅಷ್ಟು ಕಿರಿದಾದ ಪಟ್ಟಿಯಲ್ಲಿ ಒಂದು ರಾಗ ಇಷ್ಟು ವರ್ಷ ಬಾಳಿದ್ದೇ ದೊಡ್ಡದು.

ಪ್ಲೇಯರಿಗೆಂದು ತೆಗೆದಿಟ್ಟ ಹಣದಲ್ಲಿ ಅಳಿಯನದೇ ಜಾತಿಯ 6 ಸಾವಿರದ ಹೆಡ್‌ಫೋನ್ ಕೊಂಡೆ. ಹುಬ್ಬಳ್ಳಿಯ ರಿಪೇರಿಯವರೊಬ್ಬರಿಂದ ಹಳೆಯ ಡೆಕ್ಕೊಂದನ್ನು ಹೊಸ ಬೆಲ್ಟು ಹಾಕಿಸಿ ತಂದೆ. ಡೆಕ್ಕನ್ನು ಕಂಪ್ಯೂಟರಿಗೆ ಜೋಡಿಸುವ ಸಣ್ಣ ಪೆಟ್ಟಿಗೆ, ಎರಡು ಹಾರ್ಡ್ ಡಿಸ್ಕು. ಎಲ್ಲ ಸೇರಿ 25 ಸಾವಿರ ದಾಟಲಿಲ್ಲ. ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕೆಲಸ ನಿಧಾನದ್ದು. ಒಂದು ತಾಸಿನ ಕ್ಯಾಸೆಟ್ಟಿಗೆ ಒಂದು ತಾಸು ಬೇಕೇ ಬೇಕು, ಅವಸರ ಮಾಡಲು ದಾರಿಯಿಲ್ಲ. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಹೆಡ್ಡು ಒರೆಸಬೇಕು, ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ ಒಮ್ಮೆ ಹಿಂದಕ್ಕೆ ಸುತ್ತಿಸಿ ಸಡಿಲಿಸಬೇಕು. ಸಿ.ಡಿ. ಮಟ್ಟದಲ್ಲಿ ಉಳಿಸಿದರೆ ತಾಸಿಗೆ ಸುಮಾರು 635 ಎಂ.ಬಿ. 63 ಕ್ಯಾಸೆಟ್ಟೂ ಅಂಗೈಯಗಲದ ಒಂದು ಡಿಸ್ಕಿನಲ್ಲಿ ಹಿಡಿದು ಇನ್ನೂ ಜಾಗ ಉಳಿಯುತ್ತದೆ.

ಪ್ಲೇಯರ್ ಕೊಳ್ಳಲೇಬೇಕೆಂದು ಮನಸ್ಸು ಮಾಡಿದವರಿಗೆ ನನ್ನ ವಿನಂತಿ ಒಂದೇ. ನಿಮ್ಮದೇ ಹೆಡ್‌ಫೋನ್, ನಿಮ್ಮದೇ ಹಾಡು ಒಯ್ಯಿರಿ. ವಾಲ್ಯೂಮ್ ಸಮ ಮಾಡಿಸಿ, ಬೆನ್ನು ತಿರುಗಿಸಿ ಕೂತು ಹದಿನಾರು ಸಲ ಕೇಳಿ. ಬರೀ ಊಹೆಯಲ್ಲಿ 12 ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕೂ ಕಡಿಮೆ. ನಿಮಗೆ 12 ಸರಿಯಾದರೆ ನಿಮ್ಮ ಕಿವಿ ನನ್ನದಕ್ಕಿಂತ ಸೂಕ್ಷ್ಮ, ಧಾರಾಳವಾಗಿ ಕೊಳ್ಳಿ. ಆಗದಿದ್ದರೆ ಒಳ್ಳೆಯ ಹೆಡ್‌ಫೋನಿನ ಬೆಲೆ ಕೊಟ್ಟು ಮನೆಗೆ ಬನ್ನಿ.

ನಾನು ಇದುವರೆಗೆ 41 ಕ್ಯಾಸೆಟ್ ಇಳಿಸಿಕೊಂಡಿದ್ದೇನೆ. ಎರಡು ಕೈಗೆ ಬರಲಿಲ್ಲ, ಡೆಕ್ಕಿಗೆ ಹಾಕುವ ಮೊದಲೇ ಟೇಪು ಪದರ ಪದರವಾಗಿ ಅಂಟಿಕೊಂಡಿತ್ತು. ಅವುಗಳ ಮೇಲಿನ ಪೆನ್ಸಿಲ್ ಅಕ್ಷರ ಮಾತ್ರ ಉಳಿದಿದೆ. ನಿಮ್ಮ ಅಟ್ಟದಲ್ಲೂ ಅಂಥ ಟ್ರಂಕಿದ್ದರೆ ಈ ಮಳೆಗಾಲಕ್ಕೆ ಮೊದಲು ಕೆಳಗಿಳಿಸಿ.